ಓರಗಿತ್ತಿಯ ಉಸಿರು

ಬೀದಿಯವರೆಲ್ಲ ಅವಳನ್ನು ದಬ್ಬಳಮ್ಮ ಎಂದೇ ಕರೆಯುತ್ತಿದ್ದರು. ದಬ್ಬಳವೆಂದರೆ ಹಾಸಿಗೆ ಹೊಲಿಯುವ ಗೇಣುದ್ದದ ಸೂಜಿ. ಇಪ್ಪತ್ತಾರು ವರ್ಷ ಅದನ್ನೇ ಹಿಡಿದು ಕೂತವಳಿಗೆ ಅದರ ಹೆಸರೇ ಅಂಟಿಕೊಂಡಿತು ಎನ್ನುವವರಿದ್ದರು. ಕೈಯಲ್ಲಿದ್ದದ್ದನ್ನು ನೋಡಿ ಇಟ್ಟದ್ದಲ್ಲ, ಬಾಯಲ್ಲಿದ್ದದ್ದನ್ನು ನೋಡಿ ಇಟ್ಟದ್ದು ಎನ್ನುವವರೂ ಇದ್ದರು.

ಮನೆಯ ಕೆಳಗಿನ ಭಾಗವೇ ಅಂಗಡಿ. ಹಿಂದಿನ ತಗಡಿನ ಶೆಡ್ಡಿನಲ್ಲಿ ಹತ್ತಿ ಹಿಂಜುವ ಯಂತ್ರ, ಮಹಡಿಯ ಮೇಲೆ ವಾಸ. ವರ್ಷಾನುಗಟ್ಟಲೆ ಮಲಗಿ ಮಲಗಿ ಹಲಗೆಯಂತಾದ ಹಾಸಿಗೆಗಳನ್ನು ಜನ ತಂದು ಹಾಕುತ್ತಿದ್ದರು. ಅವುಗಳ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹೊರಗೆಳೆದು, ಹಿಂಜಿ, ಹೊಸ ಬಟ್ಟೆಗೆ ತುಂಬಿ ಮತ್ತೆ ಹೊಲಿದುಕೊಡುವುದು ಆ ಮನೆಯ ಕಸುಬು. ಯಂತ್ರ ನೋಡಿಕೊಳ್ಳುವವನು ದಬ್ಬಳಮ್ಮನ ಗಂಡ. ಮೂರು ಗಾಲಿಯ ಗಾಡಿಯಲ್ಲಿ ಹಾಸಿಗೆಗಳನ್ನು ಹೊತ್ತು ತರುವವನು, ಮುಟ್ಟಿಸುವವನು ಮೈದುನ. ಬಿಚ್ಚುವುದು, ತುಂಬುವುದು, ಹೊಲಿಯುವುದು ಹೆಂಗಸರ ಪಾಲು. ಅದರಲ್ಲಿ ಬಿಚ್ಚುವ ಕೆಲಸ ಯಾರಿಗೂ ಬೇಡ. ಬ್ಲೇಡು ತಾಗಿಸಿದ ಕೂಡಲೇ ಹತ್ತು ಹದಿನೈದು ವರ್ಷದ ದೂಳು ಭಗ್ಗನೆ ಮುಖಕ್ಕೇ ಬರುತ್ತಿತ್ತು.

ದಬ್ಬಳಮ್ಮನಿಗೆ ಮೂವತ್ತೈದು ದಾಟಿದ ಮೇಲೆ ಎದೆಯಲ್ಲಿ ಸುಯ್ಯ್ ಎನ್ನುವ ಸದ್ದು ಶುರುವಾಯಿತು. ಮೊದಲು ಸೀನು, ಆಮೇಲೆ ಕೆಮ್ಮು, ಕೊನೆಗೆ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ಗೋಡೆ ಹಿಡಿದು ನಿಲ್ಲುವುದು. ಹಳೆ ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ನುಸಿಗಳಿರುತ್ತವೆ, ಅವುಗಳ ಕಸ ಮೂಗಿಗೆ ಹೋದರೆ ಕೆಲವರ ಉಸಿರಿನ ಕೊಳವೆ ಊದಿಕೊಂಡು ಇಕ್ಕಟ್ಟಾಗುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಬಾಯಿಗೆ ಇಟ್ಟು ಒತ್ತುವ ಪಂಪು ಕೊಟ್ಟರು. ಅದನ್ನವಳು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದಳು.

ಏಳು ವರ್ಷದ ಹಿಂದೆ ಮೈದುನನಿಗೆ ಮದುವೆಯಾಗಿ ಓರಗಿತ್ತಿ ಮನೆಗೆ ಬಂದಳು. ದುಂಡು ಮುಖ, ದುಂಡು ಕೈ, ಎದುರಾಡದ ಮಾತು. ಅತ್ತೆ ನೋಡಿದ ದಿನವೇ "ಮೆತ್ತೆ ಇದ್ದ ಹಾಗಿದ್ದಾಳೆ" ಅಂದರು. ಅಂದಿನಿಂದ ಅವಳು ಮೆತ್ತೆ. ದಬ್ಬಳಮ್ಮನೇ ಅವಳಿಗೆ ಸೂಜಿ ಹಿಡಿಯಲು, ಅಂಚು ಕಟ್ಟಲು, ಹತ್ತಿಯನ್ನು ಮೂಲೆಗೆ ಸಮನಾಗಿ ಒತ್ತಲು ಕಲಿಸಿದಳು. ಮೂರನೆಯ ವರ್ಷ ಮೆತ್ತೆಯ ಎದೆಯಲ್ಲೂ ಅದೇ ಸುಯ್ಯ್ ಸದ್ದು. ನಿಜ ಹೇಳಬೇಕೆಂದರೆ, ಅದನ್ನು ಕೇಳಿದ ದಿನ ದಬ್ಬಳಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಸದ್ಯ, ಜೊತೆಗೊಬ್ಬಳು ಸಿಕ್ಕಳು.

"ಮನೇಲಿ ಎರಡೆರಡು ಕಮ್ಮಾರನ ತಿದಿ ಇಟ್ಕೊಂಡ ಹಾಗಾಯ್ತು" ಎಂದು ಅತ್ತೆ ಗೊಣಗಿದರು.

ಆ ಮನೆಯಲ್ಲಿ ಊಟಕ್ಕೂ ಒಂದು ಕಟ್ಟಳೆ ಇತ್ತು. ಅತ್ತೆ ತಮ್ಮ ಅತ್ತೆಯಿಂದ ಕಲಿತದ್ದು. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಹಿಡಿಯಬೇಕು. ಕೆಳಗೆ ಬಿದ್ದ ನುಣುಪು ಹಿಟ್ಟಿನ ಬಿಳಿ ರೊಟ್ಟಿ ಗಂಡಸರಿಗೆ, ಅತ್ತೆಗೆ, ಹಿರಿಸೊಸೆಗೆ. ಮೇಲೆ ಉಳಿದ ಹೊಟ್ಟು, ತರಿ ದಂಡವಾಗಬಾರದಲ್ಲ; ಅದಕ್ಕಿಷ್ಟು ಹಿಟ್ಟು ಬೆರೆಸಿ ತಟ್ಟಿದ ಒರಟು ರೊಟ್ಟಿ ಕಿರಿಸೊಸೆಗೆ. ಬೇಯಿಸಿದ ಕಾಳಿನ ತಳ, ತರಕಾರಿಯ ಸಿಪ್ಪೆಯ ಪಲ್ಯ, ಯಾರೂ ಮುಟ್ಟದ ದಪ್ಪ ಎಲೆಸೊಪ್ಪು ಎಲ್ಲ ಅವಳ ತಟ್ಟೆಗೇ. ಬಡಿಸುವವಳು ದಬ್ಬಳಮ್ಮ. ಒಬ್ಬಳೇ ಸೊಸೆಯಾಗಿದ್ದ ಕಾಲದಲ್ಲಿ ತಾನೂ ಅದನ್ನೇ ತಿಂದವಳು, ಈಗ ಬಿಳಿ ರೊಟ್ಟಿಗೆ ಬಡ್ತಿ ಸಿಕ್ಕಿದೆ ಎಂಬ ಹೆಮ್ಮೆ ಅವಳಿಗೆ.

ಹೀಗಿರುವಾಗ ಆಸ್ಪತ್ರೆಯ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದು ವಿಷಯ ಹೇಳಿದಳು. ದೂಳಿಗೆ ಉಬ್ಬಸ ಬರುವವರ ಮೇಲೆ ಹನ್ನೆರಡು ವಾರದ ಪರೀಕ್ಷೆ ನಡೆಯುತ್ತಿದೆ. ದಿನಕ್ಕೊಂದು ಪೊಟ್ಟಣ ಪುಡಿ ನೀರಲ್ಲಿ ಕದಡಿ ಕುಡಿಯಬೇಕು. ಕೆಲವರ ಪೊಟ್ಟಣದಲ್ಲಿ ನಾರು ಇರುತ್ತದೆ, ಕೆಲವರದರಲ್ಲಿ ಬರೀ ಪಿಷ್ಟ. ಯಾರಿಗೆ ಯಾವುದೆಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ, ಕುಡಿದವರಿಗೂ ಗೊತ್ತಿರುವುದಿಲ್ಲ.

"ಹೊಟ್ಟೆಗೂ ಎದೆಗೂ ಏನ್ ಸಂಬಂಧ ಡಾಕ್ಟ್ರೇ?" ಎಂದಳು ದಬ್ಬಳಮ್ಮ.

"ನಾರನ್ನ ನಮ್ಮ ಹೊಟ್ಟೆ ಅರಗಿಸೋದಿಲ್ಲಮ್ಮ. ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕಾಯ್ತಾ ಕೂತಿರ್ತಾವೆ, ಅವಕ್ಕೆ ಅದೇ ಊಟ. ತಿಂದು ಒಂಥರಾ ಆಮ್ಲ ಬಿಡ್ತಾವೆ. ಅದು ರಕ್ತಕ್ಕೆ ಸೇರಿದ್ರೆ, ದೂಳು ಕಂಡ ಕೂಡ್ಲೇ ಶ್ವಾಸಕೋಶದಲ್ಲಿ ಗಲಾಟೆ ಎಬ್ಬಿಸೋ ಜೀವಕಣಗಳು ಸ್ವಲ್ಪ ತಣ್ಣಗಾಗ್ತಾವೆ ಅಂತ ಇಲಿಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಹಾಗೆ ಆಗುತ್ತಾ ಇಲ್ವಾ ಅಂತ ನೋಡೋಕೇ ಈ ಪರೀಕ್ಷೆ."

ಇಬ್ಬರೂ ಸಹಿ ಹಾಕಿದರು. ದಬ್ಬಳಮ್ಮನ ಡಬ್ಬಿಗೆ ನಲವತ್ತೊಂದು ಎಂಬ ಚೀಟಿ, ಮೆತ್ತೆಯದಕ್ಕೆ ನಲವತ್ತೆರಡು. ಜೊತೆಗೆ ತಲೆಗೊಂದು ಊದುವ ಕೊಳವೆ. ದಿನಾ ಬೆಳಿಗ್ಗೆ ಎದೆ ತುಂಬ ಉಸಿರೆಳೆದು ಅದರೊಳಗೆ ಜೋರಾಗಿ ಊದಿದರೆ ಮುಳ್ಳು ಒಂದು ಅಂಕಿಗೆ ಹೋಗಿ ನಿಲ್ಲುತ್ತದೆ. ಅಂಕಿ ಹೆಚ್ಚಾದಷ್ಟೂ ಉಸಿರು ಸಲೀಸು. ಆ ಅಂಕಿಯನ್ನೂ ಆ ದಿನ ತಿಂದದ್ದನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು. ಬರೆಯುವುದಕ್ಕೆ ದಬ್ಬಳಮ್ಮನಿಗೆ ಸೋಮಾರಿತನ. ಇಬ್ಬರ ಪುಸ್ತಕವನ್ನೂ ಮೆತ್ತೆಯೇ ಬರೆದಳು.

ಮೊದಲ ದಿನ ದಬ್ಬಳಮ್ಮ ಇನ್ನೂರ ಅರವತ್ತು, ಮೆತ್ತೆ ಇನ್ನೂರ ಎಂಬತ್ತು. ಮೂರನೇ ವಾರಕ್ಕೆ ಮೆತ್ತೆ ಮುನ್ನೂರ ಹತ್ತು. ಐದನೇ ವಾರಕ್ಕೆ ಮುನ್ನೂರ ನಲವತ್ತು. ದಬ್ಬಳಮ್ಮನ ಮುಳ್ಳು ಇನ್ನೂರ ಅರವತ್ತೈದಕ್ಕೆ ಹೋಗಿ ಸತ್ತಂತೆ ಬಿದ್ದುಕೊಂಡಿತು.

ಅಲ್ಲಿಯವರೆಗೆ ಓರಗಿತ್ತಿಯ ದುಂಡು ಮುಖವಾಗಲಿ, ಮೈದುನ ಅವಳಿಗೆ ತಂದುಕೊಡುವ ಬಳೆಯಾಗಲಿ ದಬ್ಬಳಮ್ಮನನ್ನು ಅಷ್ಟಾಗಿ ಚುಚ್ಚಿರಲಿಲ್ಲ. ಈಗ ಚುಚ್ಚಿದ್ದು ಉಸಿರು. ಮೆತ್ತೆ ಬಿಂದಿಗೆ ಹಿಡಿದು ಮೆಟ್ಟಿಲನ್ನು ಒಂದೇ ಏಟಿಗೆ ಹತ್ತಿದಳು. ಹತ್ತಿ ತುಂಬುತ್ತ ಗುನುಗಿಕೊಂಡಳು. ಗುನುಗುವಷ್ಟು ಉಸಿರು ಮಿಕ್ಕಿದೆ ಇವಳಿಗೆ! ದಬ್ಬಳಮ್ಮ ಬಾಗಿ ಹೊಲಿಯುತ್ತಿದ್ದರೂ ಕಿವಿ ಅಲ್ಲೇ ಇತ್ತು. ಒಂದು ದಿನ ಗಂಡ ತಿಂಡಿ ತಿನ್ನುತ್ತ ಅಂದ:

"ಮೆತ್ತೆ ಪಂಪು ಮುಟ್ಟಿ ಹದಿನೈದು ದಿನ ಆಯ್ತಂತೆ. ನಿಂದೇನು ಇನ್ನೂ ಅದೇ ರಾಗ?"

"ನನ್ನ ರಾಗ ಕೇಳಕ್ಕಾಗದಿದ್ರೆ ಕಿವಿಗೆ ಹತ್ತಿ ಇಟ್ಕೊಳ್ಳಿ. ಮನೇಲಿ ಬೇಕಾದಷ್ಟಿದೆ."

ಅತ್ತೆಯೂ ಸುಮ್ಮನಿರಲಿಲ್ಲ. ಬಂದವರ ಮುಂದೆಲ್ಲ ಕಿರಿಸೊಸೆಯ ಅಂಕಿಯನ್ನು ಪರೀಕ್ಷೆಯಲ್ಲಿ ಬಂದ ಅಂಕದಂತೆ ಹೇಳಿಕೊಂಡರು. ದಬ್ಬಳಮ್ಮನ ತಲೆಯಲ್ಲಿ ಒಂದು ಲೆಕ್ಕಾಚಾರ ಗಟ್ಟಿಯಾಯಿತು. ನಾರಿನ ಪುಡಿ ಹೋಗಿರುವುದು ನಲವತ್ತೆರಡಕ್ಕೇ. ಡಬ್ಬಿ ಕೊಡುವಾಗ ನರ್ಸು ಮೆತ್ತೆಯ ಮುಖ ನೋಡಿ ನಕ್ಕದ್ದು ತಾನು ಕಂಡಿಲ್ಲವೆ? ತನಗೆ ಬರೀ ಪಿಷ್ಟ ಕಟ್ಟಿ ಕಳಿಸಿದ್ದಾರೆ. ಮೂವತ್ತೈದರಿಂದ ಏದುಸಿರು ಬಿಟ್ಟವಳು ತಾನು, ಮದ್ದು ಮಾತ್ರ ನಿನ್ನೆ ಮೊನ್ನೆ ಸೀನಿದವಳಿಗೆ.

ಆರನೇ ವಾರ ಇಬ್ಬರೂ ತಪಾಸಣೆಗೆ ಹೋದರು. ನರ್ಸು ಕಾಗದ ಹಿಡಿದು ಒಂದೊಂದೇ ಕೇಳಿದಳು.

"ಹೊಟ್ಟೆ ಉಬ್ಬರ ಇದೆಯಾ?"

"ಇಲ್ಲ."

"ಹೊಟ್ಟೆ ನೋವು?"

"ಇಲ್ಲ."

"ಹೊಟ್ಟೆ ಉರಿ?"

ದಬ್ಬಳಮ್ಮನ ಮುಖ ಕೆಂಪಾಯಿತು. "ಯಾರು ಹೇಳಿದ್ರು ನಿಂಗೆ?"

ನರ್ಸು ತಬ್ಬಿಬ್ಬಾಗಿ ಕಾಗದ ತೋರಿಸಿದಳು. "ಎಲ್ರಿಗೂ ಕೇಳೋದೇ ಅಮ್ಮ, ಇಲ್ಲಿ ಅಚ್ಚಾಗಿದೆ ನೋಡಿ." ಪಕ್ಕದಲ್ಲಿದ್ದ ಮೆತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಅವಳು ನಕ್ಕದ್ದೇ ಸಾಕಾಯಿತು. ಮರುದಿನ ಬೆಳಿಗ್ಗೆ ಮೆತ್ತೆ ಹಿತ್ತಿಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ದಬ್ಬಳಮ್ಮ ಅಡುಗೆಮನೆಯ ಗೂಡಿನಿಂದ ಎರಡೂ ಡಬ್ಬಿ ಇಳಿಸಿದಳು. ಪೊಟ್ಟಣಗಳ ಮೇಲೆ ಯಾವ ಗುರುತೂ ಇರಲಿಲ್ಲ, ಗುರುತೆಲ್ಲ ಡಬ್ಬಿಯ ಮೇಲೆ. ನಲವತ್ತೊಂದರದ್ದನ್ನು ಮಡಿಲಿಗೆ ಸುರಿದುಕೊಂಡು, ನಲವತ್ತೆರಡರದ್ದನ್ನು ಅದಕ್ಕೆ ತುಂಬಿ, ಮಡಿಲಿನದ್ದನ್ನು ಇದಕ್ಕೆ ತುಂಬಿದಳು. ಹಾಸಿಗೆಯಿಂದ ಹಾಸಿಗೆಗೆ ಹತ್ತಿ ಬದಲಾಯಿಸಿದಷ್ಟು ಸರಾಗವಾಗಿ ಕೆಲಸ ಮುಗಿಯಿತು.

ಎಂಟು ಹತ್ತು ದಿನದಲ್ಲಿ ಅವಳ ಅಂಕಿ ಇನ್ನೂರ ಎಂಬತ್ತೈದು ಮುಟ್ಟಿತು. ಒಂದು ದಿನ ಇನ್ನೂರ ತೊಂಬತ್ತೂ ಆಯಿತು. ಮೆತ್ತೆಯದು ಮುನ್ನೂರ ಐವತ್ತರಿಂದ ಮುನ್ನೂರ ನಲವತ್ತಕ್ಕೆ ಇಳಿಯಿತು. ದಬ್ಬಳಮ್ಮ ಆ ಬೆಳಿಗ್ಗೆ ಎರಡು ಲೋಟ ಚಹಾ ಕುಡಿದಳು. ಆದರೂ ಓರಗಿತ್ತಿ ಇನ್ನೂ ಐವತ್ತು ಮೇಲಿದ್ದಳು. ಇಷ್ಟು ಮಾಡಿಯೂ ಐವತ್ತು ಮೇಲೆ.

ಅದೇ ವಾರ ಮೈದುನ ಒಂದು ದೊಡ್ಡ ಜೋಡಿ ಹಾಸಿಗೆ ತಂದು ಶೆಡ್ಡಿನಲ್ಲಿ ಇಳಿಸಿದ. ಯಾವುದೋ ಖಾಲಿ ಮಾಡುತ್ತಿದ್ದ ಮನೆಯದು. ಒಂಬತ್ತು ವರ್ಷ ಬೀಗ ಹಾಕಿದ ಕೋಣೆಯಲ್ಲಿ ಬಿದ್ದಿತ್ತಂತೆ. ಹೊರಗಿನಿಂದಲೇ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಬಿಚ್ಚುವುದು ಸರದಿಯ ಮೇಲೆ ನಡೆಯುತ್ತಿತ್ತು, ಅವತ್ತು ದಬ್ಬಳಮ್ಮನ ಸರದಿ. ಅವಳು ಹಾಸಿಗೆಯನ್ನು ಒಮ್ಮೆ ನೋಡಿದಳು, ಗುನುಗುತ್ತಿದ್ದ ಓರಗಿತ್ತಿಯನ್ನು ಒಮ್ಮೆ ನೋಡಿದಳು.

"ಇದನ್ನ ನೀನೇ ಬಿಚ್ಚು."

"ಇವತ್ತು ನಿಮ್ದಲ್ವಾ ಅಕ್ಕ?"

"ನಂದೇ. ನಿಂಗೇನೀಗ, ಉಸಿರು ಭರ್ಜರಿಯಾಗಿದೆಯಲ್ಲ. ಮುನ್ನೂರ ನಲವತ್ತು. ನಾನು ಮುದುಕಿ."

ಮೆತ್ತೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೂಗಿಗೆ ಬಟ್ಟೆ ಸುತ್ತಿ, ಬ್ಲೇಡು ತೆಗೆದುಕೊಂಡು ಶೆಡ್ಡಿಗೆ ಹೋದಳು.

ಅರ್ಧ ಗಂಟೆ ಕಳೆದಿರಬೇಕು. ಬಿಸಿಲು ನೆತ್ತಿಯಿಂದ ಸ್ವಲ್ಪ ಆಚೆ ಸರಿದಿತ್ತು. ಶೆಡ್ಡಿನಲ್ಲಿ ಹಾಸಿಗೆ ಎಳೆಯುವ ಸದ್ದು ನಿಂತಿತು. ದಬ್ಬಳಮ್ಮ ಅಂಚು ಕಟ್ಟುತ್ತ ಇನ್ನೂ ನಾಲ್ಕು ಹೊಲಿಗೆ ಹಾಕಿದಳು, ಗುನುಗು ಕೇಳಿಸಲಿಲ್ಲವಲ್ಲ ಎಂದು ತಲೆಯೆತ್ತಿದಳು. ಮೆತ್ತೆ ಶೆಡ್ಡಿನ ಮೆಟ್ಟಿಲ ಮೇಲೆ ಎರಡೂ ಕೈ ಮೊಣಕಾಲಿಗೆ ಊರಿ ಕೂತಿದ್ದಳು. ಭುಜ ಕಿವಿಯವರೆಗೆ ಏರುತ್ತಿತ್ತು. ತುಟಿಯ ಬಣ್ಣ ಕಂದಿತ್ತು. ಏನೋ ಹೇಳಲು ಹೋದಳು, ಒಂದು ಪದಕ್ಕೂ ಉಸಿರು ಸಾಲಲಿಲ್ಲ.

"ಪಂಪೆಲ್ಲೇ?"

ಮೆತ್ತೆ ಮೇಲಕ್ಕೆ ಬೆರಳು ತೋರಿಸಿದಳು. ಈಚೆಗೆ ಬೇಕಾಗಿರಲಿಲ್ಲವೆಂದು ಮಹಡಿಯ ಮೇಲೆಯೇ ಬಿಟ್ಟಿದ್ದಳು. ದಬ್ಬಳಮ್ಮ ಸೊಂಟದಿಂದ ತನ್ನದನ್ನೇ ಕಿತ್ತು ಅವಳ ಬಾಯಿಗಿಟ್ಟು ಒತ್ತಿದಳು. ಮತ್ತೆ ಒತ್ತಿದಳು. "ಎಳ್ಕೋ, ತಾಯಿ, ಎಳ್ಕೋ" ಎಂದು ಕೂಗಿದ ಕೂಗಿಗೆ ಯಂತ್ರದ ಬಳಿಯಿದ್ದ ಗಂಡ ಓಡಿ ಬಂದ. ಮೈದುನ ಗಾಡಿಯಲ್ಲಿದ್ದ ಹಾಸಿಗೆಗಳನ್ನು ಬೀದಿಗೇ ಎಸೆದು ಹೆಂಡತಿಯನ್ನು ಕೂರಿಸಿಕೊಂಡ. ದಬ್ಬಳಮ್ಮ ಹಿಂದೆ ಹತ್ತಿ, ದಾರಿಯುದ್ದಕ್ಕೂ ಅವಳ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡಿದ್ದಳು. ಆ ಬೆನ್ನು ಏರಿ ಇಳಿಯಲು ಪಡುತ್ತಿದ್ದ ಪಾಡು ಅವಳ ಪಕ್ಕೆಲುಬಿಗೆ ತಿಳಿಯುತ್ತಿತ್ತು.

ಆಸ್ಪತ್ರೆಯಲ್ಲಿ ಮುಖಕ್ಕೆ ಹಬೆಯ ಮದ್ದು ಹಿಡಿದು, ಕೈಗೆ ಸೂಜಿ ಚುಚ್ಚಿ, ಸಂಜೆಯ ಹೊತ್ತಿಗೆ ಮೆತ್ತೆಯ ಉಸಿರು ಹಿಡಿತಕ್ಕೆ ಬಂತು. ಡಾಕ್ಟರಮ್ಮ ಹೊರಗೆ ಬಂದು ಹೆದರಬೇಡಿ ಅಂದಳು. ದಬ್ಬಳಮ್ಮ ಅವಳ ಬಿಳಿ ಕೋಟಿನ ತೋಳು ಹಿಡಿದುಕೊಂಡಳು.

"ನಾನೇ ಡಾಕ್ಟ್ರೇ. ಅವಳ ಪುಡಿ ತಗೊಂಡೆ. ನಂದನ್ನ ಅವಳ ಡಬ್ಬಿಗೆ ಹಾಕ್ದೆ. ಅವಳ ಅಂಕಿ ನೋಡಿ ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತಳು. "ಒಂದೇ ಮನೇಲಿ ಇರೋರಿಗೆ ಬೇರೆ ಬೇರೆ ಪುಡಿ ನಾವು ಕೊಡೋದೇ ಇಲ್ಲಮ್ಮ. ಅದಲು ಬದಲಾದ್ರೆ ಅಂತ ಮೊದಲೇ ಹೀಗೆ ಗೊತ್ತು ಮಾಡಿದ್ವಿ. ನಾರೋ ಪಿಷ್ಟವೋ ನಂಗೂ ಗೊತ್ತಿಲ್ಲ. ಆದ್ರೆ ನಿಮ್ಮಿಬ್ಬರ ಡಬ್ಬಿಯಲ್ಲಿದ್ದಿದ್ದು ಒಂದೇ."

"ಒಂದೇನಾ?"

"ಒಂದೇ. ಹಾಗಂತ ನೀವು ಮಾಡಿದ್ದು ಸರಿ ಅಂತಲ್ಲ. ನಾನಿದನ್ನ ಬರೀಲೇಬೇಕು. ಇನ್ನು ನಿಮ್ಮಿಬ್ಬರ ಲೆಕ್ಕ ಪರೀಕ್ಷೆಗೆ ಸೇರುತ್ತೋ ಇಲ್ಲವೋ ಅದು ಮೇಲಿನವರು ನೋಡ್ತಾರೆ."

"ಹಂಗಾದ್ರೆ ಅವಳ ಅಂಕಿ ಏರಿದ್ದು ಹೇಗೆ? ನಂದು ಯಾಕೆ ಏರಲಿಲ್ಲ?"

ಡಾಕ್ಟರಮ್ಮ ಎರಡೂ ಪುಸ್ತಕ ತರಿಸಿ ಊಟದ ಪುಟ ಬಿಚ್ಚಿದಳು. ಮೆತ್ತೆಯ ದುಂಡು ಅಕ್ಷರದಲ್ಲಿ ಎಲ್ಲ ಇತ್ತು. ಅಕ್ಕ: ಬಿಳಿ ರೊಟ್ಟಿ, ಚಹಾ, ಬಿಳಿ ರೊಟ್ಟಿ, ಸಾರು. ನಾನು: ಹೊಟ್ಟಿನ ರೊಟ್ಟಿ, ಕಾಳು, ಸಿಪ್ಪೆ ಪಲ್ಯ, ಸೊಪ್ಪು. ಪುಟ ಪುಟವೂ ಹಾಗೇ.

"ನಾವು ಪೊಟ್ಟಣದಲ್ಲಿ ಕೊಡೋಕೆ ಹೊರಟ ನಾರು ಇವರ ತಟ್ಟೇಲಿ ಮೊದಲಿಂದಲೂ ಇದೆ. ಅದಕ್ಕೇ ಏರಿತು ಅಂತ ಇಬ್ಬರನ್ನ ನೋಡಿ ನಾನು ಹೇಳೋಕಾಗಲ್ಲ. ವಯಸ್ಸಿರಬಹುದು, ಹವೆ ಇರಬಹುದು. ಇದನ್ನೇ ತಿನ್ನೋ ಅವರಿಗೂ ಉಬ್ಬಸ ಬಂದಿದ್ದು ನಿಜ ತಾನೆ? ಒಟ್ಟು ಇಬ್ಬರ ತಟ್ಟೆ ಇಷ್ಟು ಬೇರೆ ಯಾಕೆ ಅಂತ ನಂಗೆ ಆಶ್ಚರ್ಯ. ಯಾರು ಬಡಿಸ್ತಾರೆ ನಿಮ್ಮನೇಲಿ?"

ದಬ್ಬಳಮ್ಮ ತಲೆ ತಗ್ಗಿಸಿದಳು. ತನ್ನ ಕೈಯಾರೆ ಕಡೆಯದೆಂದು ಬಡಿಸಿದ್ದನ್ನೇ ಕಂಡು ಇಷ್ಟು ದಿನ ಕರುಬಿದ್ದಳು.

"ಇವತ್ತು ಆಗಿದ್ದಕ್ಕೂ ಪುಡಿಗೂ ಸಂಬಂಧ ಇಲ್ಲ" ಎಂದಳು ಡಾಕ್ಟರಮ್ಮ ಎದ್ದು ನಿಲ್ಲುತ್ತ. "ಒಂಬತ್ತು ವರ್ಷದ ಹಾಸಿಗೆ, ಮುಚ್ಚಿದ ಶೆಡ್ಡು. ಇಷ್ಟು ಉಬ್ಬಸ ಇರೋರನ್ನ ಅದಕ್ಕೆ ಯಾರಮ್ಮ ಕಳಿಸಿದ್ದು?"

"ಅದೂ ನಾನೇ."

ಮರುದಿನ ಮೆತ್ತೆ ದಿಂಬಿಗೆ ಒರಗಿ ಕೂತಿದ್ದಳು. ದಬ್ಬಳಮ್ಮ ಮಂಚದ ಅಂಚಿನಲ್ಲಿ ಕೂತು ಪುಡಿಯ ವಿಷಯವೆಲ್ಲ ಬಿಡದೆ ಹೇಳಿದಳು. ಮೆತ್ತೆ ಕೇಳಿದಳು. ದಬ್ಬಳಮ್ಮ ಅಂದುಕೊಂಡಂತೆ ಅಳಲೂ ಇಲ್ಲ, ಹೋಗಲಿ ಬಿಡಿ ಎನ್ನಲೂ ಇಲ್ಲ.

"ಪುಡಿ ಬದಲಾಯಿಸಿದ್ದು ನಂಗೆ ಆವತ್ತೇ ಗೊತ್ತಾಯ್ತು. ಎಣಿಸಿ ಇಟ್ಟಿರ್ತೀನಿ ನಾನು. ನನ್ನ ಡಬ್ಬೀಲಿ ಒಂದು ಹೆಚ್ಚಾಗಿತ್ತು, ನೀವು ನಡುವೆ ಒಂದು ದಿನ ಕುಡಿಯೋದು ಮರ್ತಿದ್ರಲ್ಲ. ಸಿಟ್ಟು ಬರಲಿಲ್ಲ, ನಗು ಬಂತು. ಆದ್ರೆ ಆ ಹಾಸಿಗೆ..." ಅವಳು ನಿಲ್ಲಿಸಿ ಉಸಿರೆಳೆದುಕೊಂಡಳು. "ಅದನ್ನ ಬಿಚ್ಚು ಅಂದಾಗ ನಿಮ್ಮ ಮುಖ ನೋಡ್ದೆ. ನಿಮಗೆ ಅದು ಏನು ಅಂತ ಗೊತ್ತಿತ್ತು. ಗೊತ್ತಿದ್ದೇ ಕಳಿಸಿದ್ರಿ."

"ಹೂಂ."

"ಅದನ್ನ ನಾನು ಮರೆಯಲ್ಲ ಅಕ್ಕ. ಮರ್ತೆ ಅಂತ ಸುಳ್ಳು ಹೇಳೋದೂ ಇಲ್ಲ."

"ಮರೀಬೇಡ" ಎಂದಳು ದಬ್ಬಳಮ್ಮ.

ದಬ್ಬಳಮ್ಮ ಅವಳ ಬೆನ್ನ ಹಿಂದಿನ ದಿಂಬನ್ನು ಸರಿಮಾಡಿದಳು. ಆಮೇಲೆ ಮೆತ್ತೆ ಗೋಡೆಗೆ ಹೇಳುವಂತೆ ಅಂದಳು: "ಏಳು ವರ್ಷದಿಂದ ನಿಮ್ಮ ತಟ್ಟೆ ನೋಡಿ ನಂಗೂ ಉರೀತಿತ್ತು. ಆ ಬಿಳಿ ರೊಟ್ಟಿ ಒಂದು ದಿನಾನಾದ್ರೂ ನಂಗೆ ಹಾಕ್ಬಾರ್ದಾ ಅಂತ."

ಮನೆಗೆ ಬಂದ ದಿನ ದಬ್ಬಳಮ್ಮ ಜರಡಿಯನ್ನು ಅಟ್ಟಕ್ಕೆ ಎಸೆದಳು. ಹೊಟ್ಟಿನ ಸಮೇತ ಕಲಸಿದ ಹಿಟ್ಟಿನಲ್ಲಿ ಎಲ್ಲರಿಗೂ ಒಂದೇ ರೊಟ್ಟಿ ಬೆಂದಿತು. ಅತ್ತೆ ಎರಡು ದಿನ ತಟ್ಟೆ ದೂಡಿದರು, "ದನಕ್ಕೆ ಹಾಕೋದನ್ನ ನನಗೆ ಹಾಕ್ತೀಯೇನೇ?" ಎಂದರು. "ಇಷ್ಟು ವರ್ಷ ಇವಳಿಗೆ ಹಾಕ್ಸಿದ್ರಲ್ಲ ಅತ್ತೆ, ಇವಳೇನು ದನವಾ?" ಎಂದಳು ದಬ್ಬಳಮ್ಮ. ಮೂರನೆಯ ದಿನ ಅತ್ತೆ ಸುಮ್ಮನೆ ತಿಂದರು. ಮೊದಲ ವಾರ ದಬ್ಬಳಮ್ಮನ ಹೊಟ್ಟೆ ಡೊಳ್ಳಿನಂತೆ ಉಬ್ಬಿತು. ಬಿಡದೆ ತಿಂದಳು. ಮೆತ್ತೆಗೆ ಮಾತ್ರ ಆಸೆ ತೀರುವವರೆಗೂ ಬಿಳಿ ರೊಟ್ಟಿ ಬೇರೆ ಮಾಡಿಕೊಟ್ಟಳು. ಅವಳು ಒಂದು ತಿಂಗಳು ಅದನ್ನೇ ತಿಂದಳು, ಅವಳ ಅಂಕಿ ಒಂದಿಷ್ಟೂ ಇಳಿಯಲಿಲ್ಲ. ಇದನ್ನು ಕಂಡು ದಬ್ಬಳಮ್ಮನಿಗೆ ಮತ್ತೆ ಉರಿಯಿತು. ಉರಿದದ್ದನ್ನು ಈ ಸಲ ಬಾಯಿಬಿಟ್ಟೇ ಹೇಳಿದಳು, ಮೆತ್ತೆ ಬಿದ್ದು ಬಿದ್ದು ನಕ್ಕಳು.

ಹಾಸಿಗೆ ಬಿಚ್ಚುವ ಕೆಲಸ ಹೆಂಗಸರ ಕೈ ಬಿಟ್ಟಿತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಣ್ಣತಮ್ಮಂದಿರೇ ಹಿತ್ತಿಲಿನ ಬಯಲು ಗಾಳಿಯಲ್ಲಿ ಬಿಚ್ಚತೊಡಗಿದರು. ದಬ್ಬಳಮ್ಮನ ಅಂಕಿ ನಿಧಾನವಾಗಿ ಮುನ್ನೂರು ಮುಟ್ಟಿತು. ಅದು ರೊಟ್ಟಿಯಿಂದಲೋ, ದೂಳು ತಪ್ಪಿದ್ದರಿಂದಲೋ ಯಾರು ಹೇಳಬೇಕು. ಮೆತ್ತೆ ಅವಳಿಗಿಂತ ಮೇಲೆಯೇ ಉಳಿದಳು.

ವರ್ಷ ಕಳೆದು ಆಸ್ಪತ್ರೆಯಿಂದ ಕಾಗದ ಬಂತು. ಆ ದಿನ ಓರಗಿತ್ತಿಯರಿಬ್ಬರೂ ಮಾತು ಬಿಟ್ಟಿದ್ದರು. ವಿದ್ಯಾರ್ಥಿನಿಲಯವೊಂದರ ಅರವತ್ತು ಹಾಸಿಗೆಯ ಕೆಲಸ ಬಂದಿತ್ತು. ಅಲ್ಲಿಯ ಮೇಲ್ವಿಚಾರಕಿ ಮೆತ್ತೆಯ ಹೊಲಿಗೆಯೇ ಬೇಕು ಎಂದದ್ದು ಕಾರಣ. ದಬ್ಬಳಮ್ಮನ ಗಂಡ ಕಾಗದವನ್ನು ಇಬ್ಬರಿಗೂ ಕೇಳುವಂತೆ ಓದಿದ. ನಾರು ಕುಡಿದವರಲ್ಲಿ ಕೆಲವರಿಗೆ ಉಬ್ಬಸ ತುಸು ಕಡಿಮೆಯಾಗಿದೆ, ಎಲ್ಲರಿಗೂ ಅಲ್ಲ. ಖಚಿತವಾಗಿ ಹೇಳಲು ಇನ್ನೂ ದೊಡ್ಡ ಪರೀಕ್ಷೆ ಬೇಕು. ನಲವತ್ತೊಂದು, ನಲವತ್ತೆರಡು, ಎರಡೂ ಡಬ್ಬಿಯಲ್ಲಿದ್ದದ್ದು ಬರೀ ಪಿಷ್ಟ.

"ಅಂದ್ರೆ ನಾನು ಕದ್ದು ಕುಡಿದಿದ್ದೂ ಪಿಷ್ಟವೇ" ಎಂದಳು ದಬ್ಬಳಮ್ಮ, ಯಾರಿಗೆಂದಿಲ್ಲದೆ.

"ಅದ್ರಲ್ಲೇ ಇನ್ನೂರ ತೊಂಬತ್ತು ಊದಿದ್ರಿ" ಎಂದಳು ಮೆತ್ತೆ, ದಾರ ಪೋಣಿಸುತ್ತ.

"ನೀನು ಮುನ್ನೂರ ಐವತ್ತು ಊದಿದೆಯಲ್ಲ, ಅದಕ್ಕೇನಂತೀಯೇ?"

"ನಂಗೇನ್ ಗೊತ್ತು ಅಕ್ಕ, ನನ್ನ ಕರುಳನ್ನ ಕೇಳಿ. ಸರೀರಿ ಆ ಕಡೆ, ಅರವತ್ತು ಹಾಸಿಗೆ ನಾನೊಬ್ಳೇ ಹೊಲಿಯಕ್ಕಾಗುತ್ತಾ?"

ದಬ್ಬಳಮ್ಮ ಸರಿದು ಕೂತು, ಹಾಸಿಗೆಯ ಇನ್ನೊಂದು ಅಂಚನ್ನು ಮಡಿಲಿಗೆ ಎಳೆದುಕೊಂಡಳು.